ವೆಳ್ಳರಿಮಲೆಯ ಹಕ್ಕಿ, ಕೆಳಗಿನ ಮನೆಗಳು

ಹಿರಿಯರೇ, ಗೆಳೆಯರೇ,

ಬಳ್ಳಾರಿಯ ನಮ್ಮ ಪಕ್ಷಿ ವೀಕ್ಷಕರ ಬಳಗದ ಈ ಸಭೆಯಲ್ಲಿ ದರೋಜಿ ಕೆರೆಗೆ ಬರುವ ವಲಸೆ ಹಕ್ಕಿಗಳ ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿತ್ತು. ಸಂಚಾಲಕರ ಅನುಮತಿ ಪಡೆದು ವಿಷಯವನ್ನು ಬದಲಿಸಿಕೊಂಡಿದ್ದೇನೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು ಇನ್ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆಗ ಇಡೀ ದೇಶ ಮರುಗಿತು. ನಾವೂ ಮರುಗಿದೆವು, ಕೈಲಾದಷ್ಟು ಹಣ ಕೂಡಿಸಿ ಕಳಿಸಿದೆವು. ಆದರೆ ಹಕ್ಕಿ ನೋಡುವವರಾಗಿ ನಮಗೂ ಆ ಗುಡ್ಡಕ್ಕೂ ಇದ್ದ ನಂಟಿನ ಬಗ್ಗೆ ನಾವು ಇದುವರೆಗೆ ಕುಳಿತು ಮಾತನಾಡಿಲ್ಲ.

ಕುಸಿತ ಶುರುವಾದದ್ದು ವೆಳ್ಳರಿಮಲೆಯ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ ಎಂಬುದನ್ನು ಇಸ್ರೊದ ಉಪಗ್ರಹ ಚಿತ್ರಗಳು ತೋರಿಸಿದವು. ಅಲ್ಲಿಂದ ಮಣ್ಣು, ಬಂಡೆ, ಬುಡಮೇಲಾದ ಮರಗಳು ಹೊಳೆಯ ಪಾತ್ರವನ್ನೇ ದಾರಿ ಮಾಡಿಕೊಂಡು ಸುಮಾರು 8 ಕಿಲೋಮೀಟರ್ ದೂರ ಹರಿದುಬಂದವು. ಎಷ್ಟೋ ಜನರ ದೇಹಗಳು ಕೆಳಗೆ ನಿಲಂಬೂರಿನ ಬಳಿ ಚಾಲಿಯಾರ್ ನದಿಯಲ್ಲಿ ಸಿಕ್ಕವು. ವಯನಾಡು ಸೀಮೆಯ ಇಂಥ ಎತ್ತರದಲ್ಲಿ ಹುಲ್ಲುಗಾವಲಿನ ನಡುವೆ ಬೆಳೆಯುವ ಗಿಡ್ಡ ಮರಗಳ ಶೋಲಾ ಕಾಡುಗಳೇ ಬಾಣಾಸುರ ಚಿಲಪ್ಪನ್ ಎಂಬ ಹಕ್ಕಿಯ ನೆಲೆ. ಕೆಲವೇ ಶಿಖರಗಳಿಗೆ ಸೀಮಿತವಾದ ಆ ಹಕ್ಕಿಯನ್ನು ಹುಡುಕಿಕೊಂಡು ನಮ್ಮಲ್ಲಿ ನಾಲ್ವರು ಒಮ್ಮೆ ಈ ಊರುಗಳ ಹತ್ತಿರದ ಮೇಪ್ಪಾಡಿಯ ಕಡೆಗೆ ಹೋಗಿದ್ದೆವು.

ದುರಂತದ ಸುದ್ದಿ ಬಂದ ದಿನ ಆ ಪ್ರವಾಸದ ಟಿಪ್ಪಣಿ ಪುಸ್ತಕವನ್ನು ತೆರೆದು ನೋಡಿದೆ. ಹಕ್ಕಿ ಕಂಡ ಹೊತ್ತು, ಕೂತ ಕೊಂಬೆಯ ಎತ್ತರ, ಕೂಗಿದ ಬಗೆ ಎಲ್ಲವನ್ನೂ ಬರೆದಿದ್ದೆ. ಚಹಾ ತೋಟದ ಕಾರ್ಮಿಕರ ಲೈನ್ ಮನೆಗಳ (ಸಾಲುಮನೆಗಳ) ಅಂಗಳ ದಾಟಿಕೊಂಡೇ ನಾವು ಬೆಟ್ಟ ಹತ್ತಿದ್ದೆವು. ಅಲ್ಲೊಬ್ಬ ತಾಯಿ ನಮ್ಮನ್ನು ಕರೆದು ಕೂಡಿಸಿ ಹಾಲಿಲ್ಲದ ಬಿಸಿ ಚಹಾ ಕೊಟ್ಟಿದ್ದರು. ಅವರ ಹೆಸರು ಆ ಪುಸ್ತಕದಲ್ಲಿ ಇಲ್ಲ. ಅವರ ಮನೆ ಹೊಳೆಯಿಂದ ಎಷ್ಟು ದೂರವಿತ್ತೆಂಬುದೂ ಇಲ್ಲ. ಅವರು ಈಗ ಎಲ್ಲಿದ್ದಾರೆಂದು ಯಾರನ್ನು ಕೇಳಬೇಕೆಂಬುದೂ ನನಗೆ ತಿಳಿಯಲಿಲ್ಲ.

ಕೇರಳದ ಮುಖ್ಯಮಂತ್ರಿಯವರು ಕೊಟ್ಟ ಲೆಕ್ಕದಂತೆ ಅಲ್ಲಿ 48 ಗಂಟೆಗಳಲ್ಲಿ 572 ಮಿ.ಮೀ. ಮಳೆ ಸುರಿದಿತ್ತು. ನಮ್ಮ ಬಳ್ಳಾರಿಯಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಬೀಳುವ ಮಳೆ ಅದು. ನಮ್ಮ ಕಡೆಯ ಕಲ್ಲುಗುಡ್ಡಗಳ ಮೇಲೆ ಬಿದ್ದ ನೀರು ಬಂಡೆಯ ಮೈಮೇಲೆ ಜಾರಿ ಇಳಿದುಹೋಗುತ್ತದೆ. ಅಲ್ಲಿ ಗಟ್ಟಿ ಬಂಡೆಯ ಮೇಲೆ ದಪ್ಪನೆಯ ಮಣ್ಣಿನ ಹೊದಿಕೆಯಿದ್ದು, ಆ ಮಣ್ಣು ನೀರುಂಡು ನೀರುಂಡು ತೂಕ ಹೆಚ್ಚಿಸಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಹಸಿರಾಗಿ ಕಂಡ ಬೆಟ್ಟವೆಲ್ಲ ನಮ್ಮಂಥ ಬಯಲುಸೀಮೆಯವರ ಕಣ್ಣಿಗೆ ಭದ್ರವಾಗಿಯೇ ಕಾಣುತ್ತದೆ. ಪಕ್ಕದ ಪುತ್ತುಮಲೆಯಲ್ಲಿ 2019ರ ಆಗಸ್ಟ್ 8ರಂದು ಹೀಗೆಯೇ ಗುಡ್ಡ ಕುಸಿದು ಜನ ಸತ್ತಿದ್ದರು. ಹಕ್ಕಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಹೋಗಿದ್ದ ನನಗೆ ಆ ಸಂಗತಿ ತಿಳಿದಿರಲಿಲ್ಲವೆಂಬುದು ಇಂದಿಗೂ ನೋಯಿಸುತ್ತದೆ.

ಇಲ್ಲಿ ಒಂದು ಸಂಸ್ಥೆಯ ಕೆಲಸವನ್ನು ನಿಮ್ಮ ಮುಂದಿಡಬೇಕು. ಕಲ್ಪೆಟ್ಟದ ಹ್ಯೂಮ್ ಪರಿಸರ ಮತ್ತು ವನ್ಯಜೀವಿ ಕೇಂದ್ರದ ನಿರ್ದೇಶಕರಾದ ಸಿ.ಕೆ. ವಿಷ್ಣುದಾಸ್ ಅವರು ಪಕ್ಷಿತಜ್ಞರು. 2017ರಲ್ಲಿ ಈ ಚಿಲಪ್ಪನ್ ಹಕ್ಕಿಗಳನ್ನು ಮೊಂಟೆಸಿಂಕ್ಲ ಎಂಬ ಹೊಸ ಕುಲಕ್ಕೆ (ಜೀನಸ್) ಸೇರಿಸಿದ ಸಂಶೋಧಕರಲ್ಲಿ ಒಬ್ಬರು. ಅದೇ ಕೇಂದ್ರ ವಯನಾಡಿನ ಉದ್ದಗಲಕ್ಕೂ ಮಳೆಮಾಪಕಗಳನ್ನು ಇರಿಸಿ, ಸ್ಥಳೀಯರ ನೆರವಿನಿಂದ ದಿನದಿನದ ಮಳೆಯನ್ನು ಬರೆದಿಡುತ್ತ ಬಂದಿದೆ. ಕುಸಿತದ ಹಿಂದಿನ ದಿನವೇ ಅವರು ಅಪಾಯವನ್ನು ಗುರುತಿಸಿ ಎಚ್ಚರಿಕೆ ತಲುಪಿಸಿದ್ದರು. ಆ ಎಚ್ಚರಿಕೆ ಎಲ್ಲ ಮನೆಗಳನ್ನು ತೆರವು ಮಾಡಿಸಲಿಲ್ಲ ಎಂಬ ದುಃಖ ದೊಡ್ಡದು. ಆದರೂ ಹಕ್ಕಿಗಳನ್ನು ಎಣಿಸಿ ಪಳಗಿದವರು ಅದೇ ತಾಳ್ಮೆಯಿಂದ ಮಳೆಯನ್ನೂ ಅಳೆದರೆ ಕೆಳಗಿನ ಮನೆಗಳಿಗೆ ಒಂದು ಹಗಲಿನ ಬಿಡುವು ಸಿಗಬಲ್ಲದೆಂಬುದನ್ನು ಅವರು ತೋರಿಸಿಕೊಟ್ಟಿದ್ದಾರೆ. ನನ್ನ ಪುಸ್ತಕದಲ್ಲಿ ಇಲ್ಲದ್ದು ಅವರ ಪುಸ್ತಕದಲ್ಲಿತ್ತು.

ವಯನಾಡಿನ ದುರಂತವಾಗಿ ಹನ್ನೊಂದನೆಯ ದಿನ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ಹೊಳೆದಂಡೆಯ ಊರುಗಳಲ್ಲಿರುವ ನಮ್ಮ ಸದಸ್ಯರು ಅಂದು ನಿದ್ದೆಗೆಟ್ಟು ಕೂತಿದ್ದರು. ಮೇಲೊಂದು ಅಪಾಯವಿದ್ದಾಗ ಕೆಳಗಿನ ಮನೆಯಲ್ಲಿ ಮಲಗುವುದೆಂದರೇನೆಂದು ಆ ರಾತ್ರಿ ನಮಗೂ ತಿಳಿಯಿತು.

ಸಂಡೂರಿನ ಗುಡ್ಡಗಳಿಗೆ ನಾವು ಪ್ರತಿ ಮಳೆಗಾಲವೂ ಹೋಗುತ್ತೇವೆ. ಗಣಿಯ ಸಡಿಲ ಮಣ್ಣಿನ ರಾಶಿಗಳ ಕೆಳಗೆ ಯಾವ ಹಳ್ಳ ಹರಿಯುತ್ತದೆ, ಆ ಹಳ್ಳದ ಪಕ್ಕದಲ್ಲಿ ಯಾರ ಮನೆಗಳಿವೆ, ಎಷ್ಟು ಮಳೆಗೆ ಕೆಂಪು ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಈ ವರ್ಷದಿಂದ ಹಕ್ಕಿಗಳ ಪಟ್ಟಿಯ ಜೊತೆಯಲ್ಲೇ ಬರೆದಿಡೋಣ. ಮೊದಲ ಮಳೆಮಾಪಕವನ್ನು ಸಂಡೂರಿನ ಸದಸ್ಯರೊಬ್ಬರು ತಮ್ಮ ಅಂಗಳದಲ್ಲಿ ಇರಿಸಿಕೊಳ್ಳಲು ಒಪ್ಪಿದ್ದಾರೆ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ತಪ್ಪದೆ ಅಳತೆ ನೋಡಿ ಬರೆಯುವ ಹೊಣೆ ಹೊರಲು ಇನ್ನೂ ಆರು ಮನೆಗಳು ಬೇಕು. ಸಭೆ ಮುಗಿದ ಮೇಲೆ ನಾನು ಬಾಗಿಲ ಬಳಿಯ ಮೇಜಿನಲ್ಲಿ ಕೂತಿರುತ್ತೇನೆ; ದಯವಿಟ್ಟು ಹೆಸರು ಬರೆಸಿ ಹೋಗಿ.