ಚಿತ್ರದ ಮೇಲೊಂದು ಠಸ್ಸೆ

ಕೇಳುಗರಿಗೆ ನಮಸ್ಕಾರ.

ಪೋಸ್ಟ್ ಕಾರ್ಡಿಗೆ ಸ್ಟಾಂಪು ಅಂಟಿಸುವುದು ಯಾವ ಕಡೆ? ವಿಳಾಸ ಬರೆಯುವ ಕಡೆ, ಬಲಗಡೆ ಮೇಲಿನ ಮೂಲೆಯಲ್ಲಿ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸ್ಟಾಂಪು ಕೂಡಿಡುವವರಲ್ಲೇ ಒಂದು ಬಳಗವಿದೆ. ಇವರು ಕಾರ್ಡನ್ನು ಮಗುಚಿ, ಚಿತ್ರ ಇರುವ ಕಡೆಯೇ ಸ್ಟಾಂಪು ಅಂಟಿಸುತ್ತಾರೆ. ಅಲ್ಲೇ ಠಸ್ಸೆಯನ್ನೂ ಹೊಡೆಸುತ್ತಾರೆ. ಕೌಂಟರಿನಲ್ಲಿ ಕೂತವರು ಮೊದಲ ಸಲ ಇದನ್ನು ನೋಡಿದಾಗ, "ಸಾರ್, ಉಲ್ಟಾ ಅಂಟಿಸಿದ್ದೀರಲ್ಲ" ಅನ್ನುತ್ತಾರೆ. ಅವರ ತಪ್ಪಿಲ್ಲ ಬಿಡಿ.

ಇದಕ್ಕೆ ಮ್ಯಾಕ್ಸಿಮಮ್ ಕಾರ್ಡ್ ಅಂತ ಹೆಸರು. ಕಾರ್ಡಿನ ಚಿತ್ರ, ಸ್ಟಾಂಪಿನ ಚಿತ್ರ, ಅಂಚೆ ಮುದ್ರೆ, ಈ ಮೂರೂ ಒಂದೇ ವಿಷಯವನ್ನು ಹೇಳಬೇಕು. ಗಂಡು ಹೆಣ್ಣಿನ ಜಾತಕದಲ್ಲಿ ಎರಡು ಕೂಡಿ ಬಂದರೆ ಸಾಕು. ಇಲ್ಲಿ ಮೂರು ಕೂಡಿ ಬರಬೇಕು. ವಿಷಯ ಒಂದೇ ಇರಬೇಕು, ಊರು ಅದಕ್ಕೆ ಸಂಬಂಧಪಟ್ಟದ್ದಾಗಿರಬೇಕು, ತಾರೀಕೂ ಹೊಂದಬೇಕು.

ಸುಮ್ನೆ ನಿಯಮ ಹೇಳುತ್ತಾ ಹೋದರೆ ತಲೆಗೆ ಹತ್ತುವುದಿಲ್ಲ. ನಮ್ಮ ವಿಜಯಪುರದ ಗೋಳಗುಮ್ಮಟವನ್ನೇ ತೆಗೆದುಕೊಳ್ಳೋಣ.

1949ರ ಆಗಸ್ಟ್ 15. ಸ್ವಾತಂತ್ರ್ಯ ಬಂದು ಎರಡು ವರ್ಷ. ಅಲ್ಲಿಯವರೆಗೆ ದಿನಬಳಕೆಯ ಸ್ಟಾಂಪುಗಳಲ್ಲಿ ಜಾರ್ಜ್ ದೊರೆಯ ತಲೆಯೇ ಇತ್ತು. ಅವತ್ತು ಅಂಚೆ ಇಲಾಖೆ 16 ಸ್ಟಾಂಪುಗಳ ಹೊಸ ಸರಣಿ ಹೊರಡಿಸಿತು. ಕೋನಾರ್ಕದ ಕುದುರೆ, ಸಾಂಚಿಯ ತೋರಣ, ಖಜುರಾಹೋ ದೇವಸ್ಥಾನ, ಅಮೃತಸರದ ಸ್ವರ್ಣಮಂದಿರ ಎಲ್ಲ ಅದರಲ್ಲಿದ್ದವು. ತಾಜ್ ಮಹಲ್ ಐದು ರೂಪಾಯಿಗೆ, ಕೆಂಪುಕೋಟೆ ಎರಡು ರೂಪಾಯಿಗೆ. ನಮ್ಮ ಗೋಳಗುಮ್ಮಟಕ್ಕೆ ಸಿಕ್ಕಿದ್ದು ಆರಾಣೆ.

ಈಗ ಆ ಕಾಲದ ಒಬ್ಬ ಹವ್ಯಾಸಿ ಇದಕ್ಕೆ ಮ್ಯಾಕ್ಸಿಮಮ್ ಕಾರ್ಡ್ ಮಾಡಬೇಕು ಅಂದುಕೊಂಡ ಅಂತ ಇಟ್ಟುಕೊಳ್ಳಿ. ಮೊದಲು ಗೋಳಗುಮ್ಮಟದ ಫೋಟೋ ಇರುವ ಪೋಸ್ಟ್ ಕಾರ್ಡು ಹುಡುಕಬೇಕು. ಆರಾಣೆ ಸ್ಟಾಂಪನ್ನು ಚಿತ್ರದ ಮೇಲೆ ಅಂಟಿಸಬೇಕು. ಆಮೇಲೆ ಬಿಜಾಪುರದ ಅಂಚೆ ಕಚೇರಿಗೇ ಹೋಗಿ ಠಸ್ಸೆ ಹಾಕಿಸಬೇಕು. ಬಿಜಾಪುರ ಆಗ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಹಾಗಂತ ಮುಂಬೈ ಜಿ.ಪಿ.ಓ. ಮುದ್ರೆ ಹಾಕಿಸಿದರೆ ನಡೆಯುವುದಿಲ್ಲ. ಗುಮ್ಮಟ ಇರುವುದು ಎಲ್ಲಿ, ಮುದ್ರೆ ಎಲ್ಲಿಯದು ಅಂತ ನೋಡುತ್ತಾರೆ. ತಾರೀಕು 15 ಆಗಸ್ಟ್ 1949 ಇದ್ದರೆ ಅದಕ್ಕಿಂತ ಬೇರೆ ಬೇಡ. ತಡವಾದರೂ, ಆ ಸ್ಟಾಂಪು ಅಂಚೆಗೆ ನಡೆಯುತ್ತಿದ್ದ ಕಾಲದಲ್ಲೇ ಮುದ್ರೆ ಬಿದ್ದಿರಬೇಕು.

ಇವತ್ತು ಆ ಆರಾಣೆ ಸ್ಟಾಂಪನ್ನು ಕೊಳ್ಳಬಹುದು. ಗೋಳಗುಮ್ಮಟದ ಹಳೆಯ ಕಾರ್ಡನ್ನೂ ಹುಡುಕಿ ಕೊಳ್ಳಬಹುದು. ಆದರೆ 1949ರ ಬಿಜಾಪುರದ ಠಸ್ಸೆಯನ್ನು ಎಲ್ಲಿಂದ ತರುವುದು? ಈ ಹವ್ಯಾಸದ ಕಷ್ಟ ಇರುವುದು ಇಲ್ಲೇ. ಠಸ್ಸೆಗೆ ಅಂತ ಒಂದು ಊರು, ಒಂದು ದಿನ ಇರುತ್ತದೆ. ಅವತ್ತು ಅಲ್ಲಿ ಯಾರೋ ಕಾರ್ಡು ಹಿಡಿದು ಹೋಗಿದ್ದರೆ ಸರಿ. ಇಲ್ಲದಿದ್ದರೆ ಇಲ್ಲ.

ಈ ಅಭ್ಯಾಸ ಹುಟ್ಟಿದ್ದು ಹೀಗೆ ಲೆಕ್ಕ ಹಾಕಿ ಅಲ್ಲ. 1900ರ ಆಸುಪಾಸಿನಲ್ಲಿ ಯುರೋಪಿನಲ್ಲಿ ಚಿತ್ರದ ಕಾರ್ಡುಗಳ ಹುಚ್ಚು ಜೋರಾಗಿತ್ತು. ಹೋದ ಕಡೆಯಿಂದೆಲ್ಲ ಮನೆಗೆ ಒಂದು ಕಾರ್ಡು ಹಾಕುವುದು. ಈಜಿಪ್ಟಿನ ಸ್ಟಾಂಪುಗಳಲ್ಲಿ 1867ರಿಂದಲೂ ಸ್ಫಿಂಕ್ಸ್ ಮತ್ತು ಪಿರಮಿಡ್ಡಿನ ಚಿತ್ರ ಇತ್ತು. ಕೈರೋಗೆ ಹೋದ ಪ್ರವಾಸಿ ಕೊಳ್ಳುತ್ತಿದ್ದದ್ದೂ ಪಿರಮಿಡ್ಡಿನ ಕಾರ್ಡೇ. ಚಂದಕ್ಕೆ ಇರಲಿ ಅಂತ ಸ್ಟಾಂಪನ್ನು ಚಿತ್ರದ ಕಡೆ ಅಂಟಿಸಿ ಅಂಚೆಗೆ ಹಾಕಿದವರಿದ್ದಾರೆ. ಅವರಿಗೆ ತಾವು ಮ್ಯಾಕ್ಸಿಮಮ್ ಕಾರ್ಡ್ ಮಾಡುತ್ತಿದ್ದೇವೆ ಅಂತ ಗೊತ್ತೇ ಇರಲಿಲ್ಲ. ನನಗಂತೂ ಇಂಥ ಗೊತ್ತಿಲ್ಲದೆ ಆದ ಕಾರ್ಡುಗಳ ಮೇಲೆ ಪ್ರೀತಿ ಜಾಸ್ತಿ.

ಬೇಕೆಂದೇ ಇದನ್ನು ಮಾಡುವವರು ಆಮೇಲೆ ಬಂದರು. ಇವತ್ತು ಅಂತರರಾಷ್ಟ್ರೀಯ ಅಂಚೆಚೀಟಿ ಒಕ್ಕೂಟ, ಅಂದರೆ ಎಫ್.ಐ.ಪಿ., ಪ್ರದರ್ಶನಗಳಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವನ್ನೇ ಇಟ್ಟಿದೆ. ನಿಯಮಗಳೂ ಇವೆ. ಒಂದು ಕಾರ್ಡಿಗೆ ಒಂದೇ ಸ್ಟಾಂಪು. ಅದೂ ಚಿತ್ರದ ಕಡೆಯೇ. ಕಾರ್ಡಿನ ಮುಖದಲ್ಲಿ ಮುಕ್ಕಾಲು ಪಾಲಾದರೂ ಚಿತ್ರವೇ ಇರಬೇಕು. ನಾಲ್ಕು ಮೂಲೆಗೆ ನಾಲ್ಕು ಜಾಗದ ಫೋಟೋ ಹಾಕಿರುತ್ತಾರಲ್ಲ, ಅಂಥ ಕಾರ್ಡು ಬೇಡ.

ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿದ್ದು. ಕಾರ್ಡಿನ ಚಿತ್ರ ಸ್ಟಾಂಪಿನ ಚಿತ್ರವನ್ನೇ ದೊಡ್ಡದು ಮಾಡಿದ ನಕಲಾಗಿರಬಾರದು. ಎಷ್ಟೋ ದೇಶಗಳಲ್ಲಿ ಸ್ಟಾಂಪಿನ ಜೊತೆಗೇ ರೆಡಿಮೇಡ್ ಕಾರ್ಡು ಅಚ್ಚು ಹಾಕಿ, ಮುದ್ರೆಯನ್ನೂ ಹೊಡೆದು ಮಾರುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಅದರಲ್ಲಿ ಹುಡುಕಾಟ ಎಲ್ಲಿದೆ? ಸ್ಟಾಂಪು ಬರುವ ಮೊದಲೇ ಎಲ್ಲೋ ಅಂಗಡಿಯಲ್ಲಿ ಮಾರಾಟಕ್ಕಿದ್ದ ಕಾರ್ಡು ಸಿಗಬೇಕು, ಅದು ಸ್ಟಾಂಪಿಗೆ ಹೊಂದಬೇಕು. ಆಗ ಖುಷಿ. ಸ್ಟಾಂಪಿನಲ್ಲಿ ಒಂದು ವರ್ಣಚಿತ್ರವೇ ಇದ್ದರೆ ಮಾತು ಬೇರೆ. ಕಾರ್ಡಿನಲ್ಲೂ ಅದೇ ವರ್ಣಚಿತ್ರ ಇರಲೇಬೇಕಲ್ವಾ.

ಕಟ್ಟಡದ ವಿಷಯ ಸುಲಭ. ಅದು ಇದ್ದಲ್ಲೇ ಇರುತ್ತದೆ. ಮನುಷ್ಯರದ್ದು ಹಾಗಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರ ಸ್ಟಾಂಪು ಬಂದದ್ದು 1960ರ ಸೆಪ್ಟೆಂಬರ್ 15ಕ್ಕೆ, ಅವರ ಹುಟ್ಟುಹಬ್ಬದ ದಿನವೇ. ಆಗ ಅವರು ಬದುಕಿದ್ದರು. ಬದುಕಿರುವವರ ಮೇಲೆ ಸ್ಟಾಂಪು ಬರುವುದೇ ಅಪರೂಪ. ಸ್ಟಾಂಪಿನ ತುಂಬ ಅವರ ಮುಖವೇ ಇದೆ. ಇದಕ್ಕೆ ಕಾರ್ಡು ಯಾವುದು? ವಿಶ್ವೇಶ್ವರಯ್ಯ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಕನ್ನಂಬಾಡಿ. ಕೆ.ಆರ್.ಎಸ್. ಅಣೆಕಟ್ಟೆಯ, ಬೃಂದಾವನದ ಕಾರ್ಡುಗಳು ಬೇಕಾದಷ್ಟು ಸಿಗುತ್ತಿದ್ದವು. ಆದರೆ ಸ್ಟಾಂಪಿನಲ್ಲಿ ಅಣೆಕಟ್ಟೆ ಇಲ್ಲವಲ್ಲ! ಹಾಗಾಗಿ ಕಾರ್ಡಿನಲ್ಲೂ ಅವರ ಭಾವಚಿತ್ರವೇ ಬೇಕು. ಪೇಟ ಇಟ್ಟುಕೊಂಡು ಕೂತ ಫೋಟೋ ಆದರೆ ಇನ್ನೂ ಒಳ್ಳೆಯದು. ಕನ್ನಂಬಾಡಿ ಬರಬೇಕಾದರೆ ಮುದ್ರೆಯ ರೂಪದಲ್ಲಿ ಬರಬಹುದು. ಅವರು ಹುಟ್ಟಿದ ಮುದ್ದೇನಹಳ್ಳಿಯ ಹತ್ತಿರದ ಮುದ್ರೆ ಒಂದು ದಾರಿ, ಕೃಷ್ಣರಾಜಸಾಗರದ ಮುದ್ರೆ ಇನ್ನೊಂದು. ನನ್ನನ್ನು ಕೇಳಿದರೆ ಹುಟ್ಟೂರಿಗೇ ನನ್ನ ವೋಟು. ಇದರ ಬಗ್ಗೆ ಹವ್ಯಾಸಿಗಳು ಗಂಟೆಗಟ್ಟಲೆ ವಾದ ಮಾಡಬಲ್ಲರು. ಮಾಡಲಿ.

ಶ್ರವಣಬೆಳಗೊಳದ್ದು ಇನ್ನೊಂದು ಸೊಗಸಾದ ಉದಾಹರಣೆ. ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿ ಸಾವಿರ ವರ್ಷ ಆಯಿತು ಅಂತ 1981ರಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಅದೇ ವರ್ಷ ಫೆಬ್ರವರಿ 9ಕ್ಕೆ ಒಂದು ರೂಪಾಯಿಯ ಸ್ಟಾಂಪು ಬಂತು. ಗೊಮ್ಮಟನ ಕಾರ್ಡಿಗೆ ಬರವಿಲ್ಲ. ಪೂರ್ತಿ ಮೂರ್ತಿಯದ್ದು, ಬರೀ ಮುಖದ್ದು, ಕೆಳಗೆ ಪಾದದ ಹತ್ತಿರ ಜನ ನಿಂತದ್ದು, ಹಿಂದೆ ಅಟ್ಟಣಿಗೆ ಕಟ್ಟಿದ್ದು, ದೂರದಿಂದ ಬೆಟ್ಟ ಮಾತ್ರ ಕಾಣುವಂಥದ್ದು, ಹೀಗೆ ಹತ್ತಾರು. ಎಲ್ಲವೂ ಗೊಮ್ಮಟನೇ ಆದರೂ ಎಲ್ಲವೂ ಹೊಂದುವುದಿಲ್ಲ. ಸ್ಟಾಂಪಿನಲ್ಲಿ ಮೂರ್ತಿ ಹೇಗೆ ಕಾಣುತ್ತದೋ ಆ ಕೋನಕ್ಕೆ ಹತ್ತಿರದ್ದನ್ನು ಆರಿಸಬೇಕು. ಕೆಳಗೆ ಕೊಳ, ಮೇಲೆ ಬೆಟ್ಟ ಇರುವ ಕಾರ್ಡು ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕೆ ಇಡಬೇಕು.

ಜೋಗಕ್ಕೂ ಇದೇ ಮಾತು. 2003ರಲ್ಲಿ ಭಾರತದ ಜಲಪಾತಗಳು ಅಂತ ನಾಲ್ಕು ಸ್ಟಾಂಪು ಬಂದವು. ಕೇರಳದ ಅತಿರಪಳ್ಳಿ, ಮಸ್ಸೂರಿ ಹತ್ತಿರದ ಕೆಂಪ್ಟಿ, ಬಿಹಾರದ ಕಾಕೋಲತ್ ಜೊತೆಗೆ ನಮ್ಮ ಜೋಗ. ಜೋಗ ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ. ಲಿಂಗನಮಕ್ಕಿ ತುಂಬಿ ನೀರು ಬಿಟ್ಟಾಗ ರಾಜ, ರಾಣಿ, ರೋರರ್, ರಾಕೆಟ್ ಎಲ್ಲ ಒಂದಾಗಿಬಿಡುತ್ತವೆ. ಏಪ್ರಿಲ್ ತಿಂಗಳಲ್ಲಿ ಬಂಡೆಯೇ ಜಾಸ್ತಿ, ನೀರು ಕಡಿಮೆ. ಸ್ಟಾಂಪಿನಲ್ಲಿ ನಾಲ್ಕು ಧಾರೆ ಬೇರೆ ಬೇರೆಯಾಗಿ ಕಂಡರೆ ಕಾರ್ಡಿನಲ್ಲೂ ಬೇರೆ ಬೇರೆಯಾಗಿ ಕಾಣಬೇಕು. ಅಂದರೆ ಒಂದೇ ಜೋಗ ಸಾಲದು, ಅದೇ ಋತುವಿನ ಜೋಗ ಬೇಕು!

ಹಕ್ಕಿ, ಪ್ರಾಣಿಗಳ ಕಾರ್ಡು ಮಾಡುವವರೂ ಬಹಳ ಜನ. ಹಕ್ಕಿಗೆ ಊರು ಯಾವುದು ಅಂತ ನೀವು ಕೇಳಬಹುದು. ಅದು ವಾಸ ಮಾಡುವ ಜಾಗ, ಅಥವಾ ಬಂದು ಹೋಗುವ ಜಾಗ. 1983ರಲ್ಲಿ ಸೈಬೀರಿಯಾದ ಕೊಕ್ಕರೆಯ ಸ್ಟಾಂಪು ಬಂತು. ಬಿಳಿ ಮೈ, ಕೆಂಪು ಮುಖದ ಈ ಹಕ್ಕಿ ಚಳಿಗಾಲಕ್ಕೆ ರಾಜಸ್ಥಾನದ ಭರತಪುರಕ್ಕೆ ಬರುತ್ತಿತ್ತು. ಹಾಗಾಗಿ ಭರತಪುರದ ಮುದ್ರೆಯೇ ಇದಕ್ಕೆ ಸರಿ. 2002ರ ನಂತರ ಈ ಕೊಕ್ಕರೆಗಳು ಭರತಪುರಕ್ಕೆ ಬರುವುದು ನಿಂತೇಹೋಯಿತು. ಅಂಚೆ ಕಚೇರಿ ಈಗಲೂ ಇದೆ, ಠಸ್ಸೆಯೂ ಇದೆ. ಆದರೆ ಇವತ್ತಿನ ತಾರೀಕಿನ ಭರತಪುರದ ಠಸ್ಸೆ ಆ ಹಕ್ಕಿಯ ಬಗ್ಗೆ ಏನು ಹೇಳುತ್ತದೆ? 1983ರದ್ದು ಹೇಳುವಷ್ಟು ಹೇಳುವುದಿಲ್ಲ. ಕಾಲವೂ ಹೊಂದಬೇಕು ಅನ್ನುವ ನಿಯಮ ಸುಮ್ನೆ ಹಟಕ್ಕೆ ಮಾಡಿದ್ದಲ್ಲ ಅಂತ ಇಂಥ ಕಡೆ ಅರ್ಥವಾಗುತ್ತದೆ.

ಇನ್ನು ಕೈಕೆಲಸದ ಮಾತು. ಚಿತ್ರದ ಕಾರ್ಡುಗಳು ಹೆಚ್ಚಾಗಿ ಮಿರಮಿರ ಹೊಳೆಯುತ್ತವೆ. ಆ ನುಣುಪಿನ ಮೇಲೆ ಅಂಚೆಯ ಮಸಿ ಬೇಗ ಒಣಗುವುದಿಲ್ಲ. ಹೊಡೆದ ತಕ್ಷಣ ಬೆರಳು ತಾಗಿದರೆ ಊರಿನ ಹೆಸರೇ ಅಳಿಸಿಹೋಗುತ್ತದೆ. ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿದರಂತೂ ಮುಗಿಯಿತು. ಮಸಿ ಹೀರುವ ಕಾಗದ ಜೊತೆಗಿರಲಿ. ಆದಷ್ಟೂ ಹೊಳಪು ಕಡಿಮೆ ಇರುವ ಕಾರ್ಡು ಆರಿಸಿಕೊಳ್ಳಿ.

ಸ್ಟಾಂಪು ಎಲ್ಲಿ ಅಂಟಿಸಬೇಕು ಅನ್ನುವುದನ್ನೂ ಯೋಚಿಸಬೇಕು. ಠಸ್ಸೆ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾರ್ಡಿನ ಮೇಲೆ ಬೀಳಬೇಕು. ಊರು, ತಾರೀಕು ಎರಡೂ ಓದುವಂತಿರಬೇಕು. ಕಾರ್ಡಿನಲ್ಲಿ ಕಪ್ಪು ಬಂಡೆಯೋ ದಟ್ಟ ಕಾಡೋ ಇರುವ ಕಡೆ ಹೊಡೆದರೆ ಏನೂ ಕಾಣುವುದಿಲ್ಲ. ಆಕಾಶ ಇರುವ ಕಡೆ ಜಾಗ ನೋಡಿ. ಗೋಳಗುಮ್ಮಟದ ಕಾರ್ಡು ಮಾಡುವವರಿಗೆ ಇದೊಂದು ಅನುಕೂಲ. ಬಯಲುಸೀಮೆಯ ಆಕಾಶ ಬೇಕಾದಷ್ಟಿದೆ.

ಠಸ್ಸೆ ಹೊಡೆಯುವವರ ಕೈ ಹೇಗಿರುತ್ತದೆ ಅನ್ನುವುದು ನಿಮ್ಮ ಅದೃಷ್ಟ. ದಿನವಿಡೀ ಕಟ್ಟುಗಟ್ಟಲೆ ಕಾಗದಕ್ಕೆ ಟಪಟಪ ಹೊಡೆದ ಕೈ ಅದು. ನಿಮ್ಮ ಕಾರ್ಡಿಗೂ ಹಾಗೇ ಒಂದು ಬಡಿತ ಬಿದ್ದರೆ ಗೊಮ್ಮಟನ ಮೂಗಿನ ಮೇಲೆ ಮಸಿ. ಸೋಮವಾರ ಬೆಳಿಗ್ಗೆ ಕ್ಯೂ ಇರುವಾಗ ಹೋಗಬೇಡಿ. ಬಿಡುವಿನ ಹೊತ್ತು ನೋಡಿ ಹೋಗಿ, ಬಿಳಿ ಕಾಗದದ ಮೇಲೆ ಮೊದಲು ಒಂದು ಒತ್ತಿ ನೋಡಿ ಸಾರ್ ಅಂತ ವಿನಯದಿಂದ ಕೇಳಿ. ಸಾಕಷ್ಟು ಜನ ಖುಷಿಯಿಂದ ಮಾಡಿಕೊಡುತ್ತಾರೆ. ಪ್ರವಾಸಿಗರು ಹೆಚ್ಚು ಬರುವ ಕೆಲವು ಊರುಗಳಲ್ಲಿ ಸ್ಥಳದ ಚಿತ್ರವೇ ಇರುವ ಖಾಯಂ ಮುದ್ರೆ ಇರುತ್ತದೆ. ಅದು ಸಿಕ್ಕರೆ ಕಾರ್ಡು, ಸ್ಟಾಂಪು, ಮುದ್ರೆ ಮೂರರಲ್ಲೂ ಅದೇ ಚಿತ್ರ.

ಹೊಸ ಸ್ಟಾಂಪುಗಳಿಗೆ ಬೆಂಗಳೂರಿನ ಜಿ.ಪಿ.ಓ. ಮತ್ತು ಕೆಲವು ಪ್ರಧಾನ ಅಂಚೆ ಕಚೇರಿಗಳಲ್ಲಿರುವ ಫಿಲಾಟೆಲಿ ಬ್ಯೂರೋಗೆ ಹೋಗಬೇಕು. ಕೆಲವರು ಮೈ ಸ್ಟಾಂಪ್ ಬಳಸಬಹುದಾ ಅಂತ ಕೇಳುತ್ತಾರೆ. ಅದೇ, ನಿಮ್ಮದೇ ಫೋಟೋ ಹಾಕಿ ಕೊಡುತ್ತಾರಲ್ಲ, ಅದು. ಮಗುವಿನ ಹುಟ್ಟುಹಬ್ಬಕ್ಕೆ ಚೆನ್ನಾಗಿರುತ್ತದೆ. ಇದಕ್ಕೆ ಬೇಡ. ನಿಮ್ಮ ಫೋಟೋ ಬರುವುದು ಸ್ಟಾಂಪಿನ ಪಕ್ಕದ ತುಂಡಿನಲ್ಲಿ, ಸ್ಟಾಂಪಿನಲ್ಲಲ್ಲ. ಹಂಪಿಯ ಕಲ್ಲಿನ ರಥ ಐವತ್ತು ರೂಪಾಯಿ ನೋಟಿನ ಮೇಲಿದೆಯಲ್ಲ, ಅದನ್ನು ಕಾರ್ಡಿಗೆ ಅಂಟಿಸಬಹುದಾ ಅಂತ ಕೇಳುವ ತುಂಟರೂ ಇದ್ದಾರೆ. ಅಂಟಿಸಿ, ಐವತ್ತು ರೂಪಾಯಿ ಹೋಗುತ್ತದೆ ಅಷ್ಟೇ.

ಇಷ್ಟು ಹೊತ್ತು ಠಸ್ಸೆಯೇ ಕಷ್ಟ ಅಂದೆ. ಹಳೆಯ ಸ್ಟಾಂಪುಗಳಿಗೆ ಅದು ನಿಜ. ಈಗ ಹೊಸದಾಗಿ ಶುರು ಮಾಡುವವರಿಗೆ ಕಷ್ಟ ಬೇರೆ ಕಡೆ ಇದೆ. ಸ್ಟಾಂಪು ಬ್ಯೂರೋದಲ್ಲಿ ಸಿಗುತ್ತದೆ. ಠಸ್ಸೆಗೆ ಆ ಊರಿನ ಬಸ್ ಹತ್ತಿದರಾಯಿತು. ಚಿತ್ರದ ಕಾರ್ಡೇ ಸಿಗುವುದಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರೂ ತಾವೇ ಫೋಟೋ ತೆಗೆದು ಕಳಿಸುತ್ತಾರೆ. ದೇವಸ್ಥಾನದ ಮುಂದಿನ ಅಂಗಡಿಗಳಲ್ಲಿ ತಂತಿಗೆ ಸಿಕ್ಕಿಸಿದ ಕಾರ್ಡುಗಳಿದ್ದ ಜಾಗದಲ್ಲಿ ಈಗ ಕೀ ಚೈನ್ ತೂಗಾಡುತ್ತಿರುತ್ತವೆ. ತಾವೇ ಫೋಟೋ ಅಚ್ಚು ಹಾಕಿಸಿ ಕಾರ್ಡು ಮಾಡಿಕೊಳ್ಳುವವರಿದ್ದಾರೆ. ಮನೆಯಲ್ಲಿ ಇಟ್ಟುಕೊಳ್ಳಲು ಪರವಾಗಿಲ್ಲ. ಸ್ಪರ್ಧೆಗೆ ಇಡುವುದಾದರೆ ಅಂಗಡಿಯಲ್ಲಿ ಮಾರಾಟಕ್ಕಿದ್ದ ಕಾರ್ಡೇ ಮೇಲು.

ಹಾಗಾಗಿ ಬೇಲೂರಿಗೋ ಬಾದಾಮಿಗೋ ಹೋದಾಗ ಯಾವುದಾದರೂ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ ಕಾರ್ಡಿನ ಕಟ್ಟು ಕಂಡರೆ ಬಿಡಬೇಡಿ. ಒಂದೇ ಚಿತ್ರದ ಎರಡೆರಡು ಕೊಂಡುಕೊಳ್ಳಿ, ಒಂದು ಠಸ್ಸೆ ಕೆಟ್ಟರೆ ಇನ್ನೊಂದು ಇರುತ್ತದೆ. ಮನೆಯಲ್ಲಿ ಅಜ್ಜನ ಟ್ರಂಕಿನಲ್ಲಿ ಹಳೆಯ ಮೈಸೂರಿನ, ಹಂಪಿಯ ಕಾರ್ಡುಗಳಿದ್ದರೆ ರದ್ದಿಗೆ ಹಾಕಬೇಡಿ. ಅದಕ್ಕೆ ಹೊಂದುವ ಸ್ಟಾಂಪು ಮುಂದಿನ ವರ್ಷವೇ ಬರಬಹುದು.

ನಮಸ್ಕಾರ.