ಡಯಾಲಿಸಿಸ್ ನೀರಿಗೆ ಉಪ್ಪು ಏಕೆ ಬೆರೆಸುತ್ತಾರೆ?

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ವಾರದಿಂದ ನನ್ನನ್ನು ಬಿಟ್ಟಿಲ್ಲ. "ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತದೆ. ರಕ್ತದಲ್ಲಿರುವ ಉಪ್ಪು, ಸಕ್ಕರೆಯನ್ನು ಬಿಟ್ಟು ಕಲ್ಮಶವನ್ನು ಮಾತ್ರ ತೆಗೆಯಬೇಕೆಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ?"

ಗೊತ್ತಾಗುವುದಿಲ್ಲ. ಈ ವಿಡಿಯೋ ಮಾಡಲು ಅದೇ ಕಾರಣ.

ಶಾಲೆಯಲ್ಲಿ ಓದಿದ್ದು ನೆನಪಿರಬಹುದು: ಕರಗಿದ ವಸ್ತು ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ಹರಡುತ್ತದೆ. ಅದು ವಿಸರಣೆ. ನಡುವೆ ಅರೆಪಾರಕ ಪೊರೆ ಇದ್ದರೆ ಸಣ್ಣ ಅಣುಗಳು ದಾಟುತ್ತವೆ, ದೊಡ್ಡವು ನಿಲ್ಲುತ್ತವೆ. ಇಷ್ಟು ಸಾಕು.

[ದೃಶ್ಯ: ಮರದ ಪಟ್ಟಿಗಳ ಉರುಳೆ, ಅದಕ್ಕೆ ಸುತ್ತಿದ ಪಾರದರ್ಶಕ ಕೊಳವೆ]

ಡಯಾಲಿಸಿಸ್ ಯಂತ್ರ ಕಟ್ಟಲು ನೆದರ್‌ಲ್ಯಾಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್ ಕೈಗೆತ್ತಿಕೊಂಡ ಪೊರೆ ಯಾವುದು ಗೊತ್ತೇ? ಮಾಂಸದ ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆ! ಅದರ ಒಂದು ತುಂಡಿಗೆ ಯೂರಿಯಾ, ಅಂದರೆ ಮೂತ್ರಪಿಂಡಗಳು ರಕ್ತದಿಂದ ಹೊರಹಾಕಬೇಕಾದ ಕಲ್ಮಶ, ಬೆರೆಸಿದ ದ್ರವ ತುಂಬಿ, ಉಪ್ಪುನೀರಿನಲ್ಲಿ ಅಲ್ಲಾಡಿಸಿದರು. ಕೆಲವೇ ನಿಮಿಷಗಳಲ್ಲಿ ಯೂರಿಯಾ ಹೊರಗಿನ ನೀರಿಗೆ ಇಳಿದಿತ್ತು. 1943ರಲ್ಲಿ, ನಾಜಿಗಳ ವಶದಲ್ಲಿದ್ದ ದೇಶದ ಕಂಪೆನ್ ಎಂಬ ಸಣ್ಣ ಊರಿನಲ್ಲಿ, ಸುಮಾರು 20 ಮೀಟರ್ ಕೊಳವೆಯನ್ನು ಉರುಳೆಗೆ ಸುತ್ತಿ ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಕೊಳವೆಯೊಳಗೆ ರೋಗಿಯ ರಕ್ತ. ಮೊದಲ ಹದಿನಾರು ರೋಗಿಗಳಲ್ಲಿ ಬಹುತೇಕ ಎಲ್ಲರೂ ತೀರಿಕೊಂಡರು. ಆ ಮನುಷ್ಯ ಕೈಬಿಡಲಿಲ್ಲ ಎಂಬುದು ನನಗೆ ಯಂತ್ರಕ್ಕಿಂತ ದೊಡ್ಡ ಸಂಗತಿ. 1945ರ ಸೆಪ್ಟೆಂಬರ್‌ನಲ್ಲಿ, ಪ್ರಜ್ಞೆ ತಪ್ಪಿದ್ದ 67 ವರ್ಷದ ಮಹಿಳೆಯೊಬ್ಬರು 11 ಗಂಟೆಗಳ ಡಯಾಲಿಸಿಸ್ ನಂತರ ಕಣ್ಣು ತೆರೆದರು. ಮುಂದೆ ವರ್ಷಗಟ್ಟಲೆ ಬದುಕಿದರು.

ಈಗ ಪ್ರಶ್ನೆಗೆ ಬರೋಣ. ಪೊರೆಗೆ ತಿಳಿದಿರುವುದು ಗಾತ್ರ ಮಾತ್ರ. ರಕ್ತದ ಆಲ್ಬುಮಿನ್ ಪ್ರೋಟೀನು ಯೂರಿಯಾಕ್ಕಿಂತ ಸಾವಿರ ಪಟ್ಟು ಭಾರ. ಅದು ಒಳಗೇ ಉಳಿಯುತ್ತದೆ. ಉಪ್ಪಿನಲ್ಲಿರುವ ಸೋಡಿಯಂ, ರಕ್ತದ ಸಕ್ಕರೆಯಾದ ಗ್ಲೂಕೋಸ್ ಸರಾಗವಾಗಿ ದಾಟಬಲ್ಲವು. ಅವುಗಳನ್ನು ಕಾಯುವುದು ಪೊರೆಯಲ್ಲ, ಆಚೆ ಬದಿಯ ನೀರು.

ಎರಡು ಊರುಗಳ ನಡುವೆ ಒಂದು ಸೇತುವೆ ಇದೆ ಎಂದುಕೊಳ್ಳಿ. ಈ ಕಡೆಯಿಂದ ಐವತ್ತು ಜನ ಹೋದರು, ಆ ಕಡೆಯಿಂದ ಐವತ್ತು ಜನ ಬಂದರು. ಓಡಾಟ ನಿಲ್ಲಲಿಲ್ಲ, ಆದರೆ ಯಾವ ಊರಿನ ಜನಸಂಖ್ಯೆಯೂ ಬದಲಾಗಲಿಲ್ಲ. ಸೋಡಿಯಂ ಕಥೆ ಇದೇ. ರಕ್ತದಲ್ಲಿ ಇರಬೇಕಾದಷ್ಟೇ ಸೋಡಿಯಮ್ಮನ್ನು ಹೊರಗಿನ ನೀರಿಗೂ ಬೆರೆಸಿರುತ್ತಾರೆ. ಯೂರಿಯಾವನ್ನು ಬೆರೆಸುವುದಿಲ್ಲ. ಆದ್ದರಿಂದ ಯೂರಿಯಾದ ಊರಿನಿಂದ ಹೋಗುವವರೇ ಹೆಚ್ಚು, ಮರಳುವವರು ತೀರಾ ಕಡಿಮೆ. ಮರಳಲು ಜನ ಸೇರುವ ಮೊದಲೇ ಆ ನೀರನ್ನು ಹರಿಸಿಬಿಡುತ್ತಾರೆ: ನಿಮಿಷಕ್ಕೆ ಸುಮಾರು ಅರ್ಧ ಲೀಟರ್, ನಾಲ್ಕು ಗಂಟೆಗೆ 120 ಲೀಟರ್!

[ದೃಶ್ಯ: ಕತ್ತರಿಸಿದ ಡಯಲೈಸರ್]

ಇದು ಇಂದಿನ ಪೊರೆ. ಬಿಳಿ ನೂಲಿನ ಕಟ್ಟಿನಂತೆ ಕಾಣುತ್ತದೆ, ಆದರೆ ಇದರ ಸುಮಾರು ಹತ್ತು ಸಾವಿರ ಎಳೆಗಳಲ್ಲಿ ಪ್ರತಿಯೊಂದೂ ಟೊಳ್ಳು. ರಕ್ತ ಒಳಗೆ, ನೀರು ಹೊರಗೆ, ಎದುರುಬದುರು ದಿಕ್ಕಿನಲ್ಲಿ ಹರಿಯುತ್ತವೆ.

ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೈಯಲ್ಲಿ ತುಂಬಿಕೊಂಡ ಹೆಚ್ಚುವರಿ ನೀರನ್ನು ತೆಗೆಯುವುದು ಮುಖ್ಯವಾಗಿ ಒತ್ತಡದ ವ್ಯತ್ಯಾಸ. ಹೊಟ್ಟೆಯೊಳಗಿನ ನಮ್ಮದೇ ಪೊರೆಯನ್ನು ಬಳಸುವ ಡಯಾಲಿಸಿಸ್ ಕೂಡ ಇದೆ. ಅದಕ್ಕೆ ಪ್ರತ್ಯೇಕ ವಿಡಿಯೋ ಬೇಕು.

ಪ್ರಶ್ನೆ ಕೇಳಿದವರೇ, ಮುಂದಿನ ಸಲ ತಂದೆಯವರ ಜೊತೆ ಹೋದಾಗ ಯಂತ್ರದ ಬುಡದಲ್ಲಿ ಕ್ಯಾನ್‌ಗಳಿವೆಯೇ ನೋಡಿ. ಸಾಮಾನ್ಯವಾಗಿ ಒಂದರಲ್ಲಿ ರಕ್ತದ ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ ಇರುತ್ತದೆ. ಅದನ್ನು ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಬೆರೆಸುತ್ತಾರೆ, ಏಕೆಂದರೆ ಆ ಒಂದು ವಸ್ತು ಸೇತುವೆ ದಾಟಿ ತಂದೆಯವರ ಕಡೆಗೆ ಬರಬೇಕು.