ಗೊತ್ತಿಲ್ಲದ ಪ್ರಶ್ನೆಗೂ ಲೆಕ್ಕ ಇದೆ: ಸರ್ಕಾರಿ ನೇಮಕಾತಿ ಪರೀಕ್ಷೆಯಲ್ಲಿ ಅಂಕ ಎಲ್ಲಿ ಸೋರಿ ಹೋಗುತ್ತದೆ?

[ತೆರೆಯ ಮೇಲೆ ಪ್ರಶ್ನೆ, ಪೂರ್ತಿ ಪರದೆ]

ಕೆಳಗಿನ ಹೇಳಿಕೆಗಳಲ್ಲಿ ಯಾವುವು ಸರಿ?
1. ಹೊಯ್ಸಳ ದೇವಾಲಯಗಳ ಸಮೂಹ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.
2. ಆ ಸಮೂಹದ ಮೂರೂ ದೇವಾಲಯಗಳು ಹಾಸನ ಜಿಲ್ಲೆಯಲ್ಲಿವೆ.
3. ಇವುಗಳನ್ನು ಮುಖ್ಯವಾಗಿ ಬಳಪದ ಕಲ್ಲಿನಲ್ಲಿ ಕಟ್ಟಲಾಗಿದೆ.
ಎ) 1 ಮಾತ್ರ
ಬಿ) 1 ಮತ್ತು 2
ಸಿ) 1 ಮತ್ತು 3
ಡಿ) 1, 2 ಮತ್ತು 3

ನಮಸ್ಕಾರ ಸ್ನೇಹಿತರೇ, ಹಾಸನದಿಂದ ಮಾತಾಡುತ್ತಿದ್ದೇನೆ. ವಿಡಿಯೋ ನಿಲ್ಲಿಸಿ, ಈ ಪ್ರಶ್ನೆಗೆ ಒಂದು ನಿಮಿಷ ಕೊಡಿ.

ಆಯ್ತಾ? ಈಗ ನೋಡಿ. ಬಳಪದ ಕಲ್ಲು ಅಂದರೆ ಏನು ಅಂತಲೇ ನಿಮಗೆ ಗೊತ್ತಿಲ್ಲ ಅಂದುಕೊಳ್ಳೋಣ. ಯುನೆಸ್ಕೊ ಪಟ್ಟಿಗೆ ಸೇರಿದ ವರ್ಷವೂ ಸರಿಯಾಗಿ ನೆನಪಿಲ್ಲ. ಆದರೆ ಬೇಲೂರು, ಹಳೇಬೀಡು, ಸೋಮನಾಥಪುರ ಎಂಬ ಮೂರು ಹೆಸರು ಕೇಳಿದ್ದೀರಿ. ಸೋಮನಾಥಪುರ ಇರುವುದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ. ಅಷ್ಟು ಗೊತ್ತಿದ್ದರೆ ಎರಡನೇ ಹೇಳಿಕೆ ಬಿದ್ದುಹೋಯಿತು. ಅದರ ಜೊತೆಗೆ ಬಿ ಹೋಯಿತು, ಡಿ ಕೂಡ ಹೋಯಿತು. ಉಳಿದದ್ದು ಎ ಮತ್ತು ಸಿ, ಎರಡೇ. ಮೂರನೇ ಹೇಳಿಕೆ ಸರಿ ಇರುವುದರಿಂದ ಸರಿ ಉತ್ತರ ಸಿ.

ಈ ವಿಡಿಯೋದಲ್ಲಿ ನಾನು ಮಾತಾಡುವುದು ಇಂಥ ಪ್ರಶ್ನೆಗಳ ಬಗ್ಗೆಯೇ. ಪೂರ್ತಿ ಗೊತ್ತಿರುವುದನ್ನು ಎಲ್ಲರೂ ಬರೆಯುತ್ತಾರೆ. ಏನೇನೂ ಗೊತ್ತಿಲ್ಲದ್ದರಲ್ಲಿ ಎಲ್ಲರೂ ಒದ್ದಾಡುತ್ತಾರೆ. ಕಟ್ ಆಫ್‌ನ, ಅಂದರೆ ಆಯ್ಕೆಗೆ ಬೇಕಾದ ಕನಿಷ್ಠ ಅಂಕದ, ಈಚೆಗೋ ಆಚೆಗೋ ಅಂತ ತೀರ್ಮಾನ ಆಗುವುದು ಅರ್ಧ ಗೊತ್ತಿರುವ ಪ್ರಶ್ನೆಗಳಲ್ಲಿ.

[ತೆರೆಯ ಮೇಲೆ: ನೆಗೆಟಿವ್ ಮಾರ್ಕಿಂಗ್ ಲೆಕ್ಕ]

"ನೆಗೆಟಿವ್ ಇದೆ, ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ" ಅಂತ ಒಬ್ಬರು ಹೇಳುತ್ತಾರೆ. "ಒಂದನ್ನೂ ಬಿಡಬೇಡಿ" ಅಂತ ಇನ್ನೊಬ್ಬರು. ಇಬ್ಬರ ಮಾತೂ ಬೇಡ, ಲೆಕ್ಕ ಹಾಕೋಣ.

ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಹೋಗುತ್ತದೆ. ನಿಮಗೆ ಅನುಮಾನ ಇರುವ 24 ಪ್ರಶ್ನೆಗಳಿವೆ, ತಲಾ ಒಂದು ಅಂಕ ಅಂತ ಇಟ್ಟುಕೊಳ್ಳಿ. ಕಣ್ಣು ಮುಚ್ಚಿ ಹೊಡೆದರೆ ಸರಾಸರಿ 6 ಸರಿ, 18 ತಪ್ಪು. ಆರರಲ್ಲಿ ನಾಲ್ಕೂವರೆ ಕಳೆಯಿರಿ. ಸಿಗುವುದು ಒಂದೂವರೆ ಅಂಕ. ಅದೂ ಸರಾಸರಿ ಲೆಕ್ಕ. ಅದೃಷ್ಟ ಕೈಕೊಟ್ಟರೆ ಇದ್ದದ್ದೂ ಹೋಗುತ್ತದೆ.

ಪ್ರತಿ ಪ್ರಶ್ನೆಯಲ್ಲೂ ಒಂದು ಆಯ್ಕೆ ಖಂಡಿತ ತಪ್ಪು ಅಂತ ತೆಗೆದುಹಾಕಲು ಸಾಧ್ಯವಾದರೆ? 8 ಸರಿ, 16 ತಪ್ಪು. ಎಂಟರಲ್ಲಿ ನಾಲ್ಕು ಹೋಗಿ ನಾಲ್ಕು ಅಂಕ ಉಳಿಯಿತು. ಎರಡು ಆಯ್ಕೆ ತೆಗೆದರೆ 12 ಸರಿ, 12 ತಪ್ಪು. ಹನ್ನೆರಡರಲ್ಲಿ ಮೂರು ಹೋಗಿ ಒಂಬತ್ತು.

ಒಂದೂವರೆ ಎಲ್ಲಿ, ಒಂಬತ್ತು ಎಲ್ಲಿ! ಪ್ರಶ್ನೆಗಳು ಅವೇ 24. ನಿಮಗೆ ಪೂರ್ತಿ ಉತ್ತರ ಒಂದಕ್ಕೂ ಗೊತ್ತಿರಲಿಲ್ಲ.

ರೈಲ್ವೆ ಪರೀಕ್ಷೆ ಬರೆಯುವವರು ಇದನ್ನು ಹಾಗೇ ತೆಗೆದುಕೊಳ್ಳಬೇಡಿ. ರೈಲ್ವೆ ನೇಮಕಾತಿ ಮಂಡಳಿಯ (ಆರ್‌ಆರ್‌ಬಿ) ಎನ್‌ಟಿಪಿಸಿ ಪರೀಕ್ಷೆಯಲ್ಲಿ ಕಡಿತ ಮೂರನೇ ಒಂದು ಭಾಗ. ಅಲ್ಲಿ ಕಣ್ಣು ಮುಚ್ಚಿ ಹೊಡೆದರೆ ಆರು ಬಂದು ಆರೂ ಹೋಗುತ್ತದೆ, ಸೊನ್ನೆ. ಎರಡು ಆಯ್ಕೆ ತೆಗೆದರೆ ಮಾತ್ರ ಎಂಟು ಉಳಿಯುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ನಿಯಮ ಇಷ್ಟು: ಕಾಲು ಅಂಕ ಕಡಿತ ಇದ್ದರೆ ಒಂದು ಆಯ್ಕೆಯನ್ನಾದರೂ ಧೈರ್ಯವಾಗಿ ತೆಗೆದಿರಬೇಕು, ರೈಲ್ವೆಯಲ್ಲಿ ಎರಡು. ಸುಮ್ನೆ "ಸಿ ಅನ್ನಿಸ್ತಿದೆ" ಅಂದರೆ ಅದು ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು. ಈಚೆಗೆ ಕೆಲವು ಪರೀಕ್ಷೆಗಳ ಓಎಂಆರ್‌ನಲ್ಲಿ, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆಯಲ್ಲಿ, ಐದನೇ ವೃತ್ತ ಇರುತ್ತದೆ. ಉತ್ತರಿಸದೆ ಬಿಡುವುದಾದರೆ ಅದನ್ನು ತುಂಬಬೇಕು. ಐದನ್ನೂ ಖಾಲಿ ಬಿಟ್ಟರೆ ಅದಕ್ಕೂ ಅಂಕ ಕಡಿತ. ಹಾಲ್ ಟಿಕೆಟ್ ಹಿಂದಿನ ಸೂಚನೆಗಳನ್ನು ಯಾರೂ ಓದುವುದಿಲ್ಲ, ಅಲ್ವಾ? ಓದಿ.

[ತೆರೆಯ ಮೇಲೆ: ಮೂರು ಸುತ್ತು]

ಈಗ ಸಮಯದ ವಿಷಯ. ನೂರು ಪ್ರಶ್ನೆಗೆ 90 ನಿಮಿಷ ಅಂದರೆ ಒಂದಕ್ಕೆ 54 ಸೆಕೆಂಡ್. ಅದರಲ್ಲೇ ಶೇಡ್ ಮಾಡುವುದೂ, ಅಂದರೆ ವೃತ್ತ ತುಂಬುವುದೂ, ಸೇರಿದೆ. ಒಂದರಿಂದ ನೂರರವರೆಗೆ ಸಾಲಾಗಿ ಬಿಡಿಸುತ್ತಾ ಹೋದರೆ ಹದಿನೇಳನೇ ಪ್ರಶ್ನೆಯ ಗಣಿತದಲ್ಲಿ ಸಿಕ್ಕಿಕೊಂಡು, ಕೊನೆಯ ಪುಟದಲ್ಲಿದ್ದ ಸುಲಭದ ಐದು ಪ್ರಶ್ನೆಗಳನ್ನು ನೋಡದೇ ಎದ್ದು ಬರುತ್ತೀರಿ.

ನಮ್ಮ ಕಡೆ ಕಾಫಿ ಕೊಯ್ಲು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೊದಲ ಸಲ ಹೋದಾಗ ಕೆಂಪಗೆ ಹಣ್ಣಾದದ್ದನ್ನು ಮಾತ್ರ ಕೊಯ್ಯುತ್ತಾರೆ. ಕಾಯಿ ಇದ್ದದ್ದಕ್ಕೆ ಮತ್ತೆ ಬರುತ್ತಾರೆ. ಉಳಿದ ಚೂರುಪಾರನ್ನು ಕೊನೆಗೆ ಒಟ್ಟಿಗೆ ಬಾಚಿಕೊಳ್ಳುತ್ತಾರೆ.

ಮೊದಲ ಸುತ್ತು 40 ನಿಮಿಷ. ಓದಿದ ತಕ್ಷಣ ಉತ್ತರ ಹೊಳೆದದ್ದು ಮಾತ್ರ. ಎರಡು ಆಯ್ಕೆಗಳ ನಡುವೆ ಗೊಂದಲ ಇದ್ದರೆ ಪಕ್ಕದಲ್ಲಿ ಪೆನ್ನಿನಿಂದ ಚುಕ್ಕಿ ಇಟ್ಟು, ತಪ್ಪು ಅನ್ನಿಸಿದ ಆಯ್ಕೆಗಳಿಗೆ ಆಗಲೇ ಗೆರೆ ಹೊಡೆದು ಮುಂದೆ ಹೋಗಿ. ಇದು ಮುಖ್ಯ. ಎರಡನೇ ಸಲ ಬಂದಾಗ ಅದೇ ನಾಲ್ಕು ಆಯ್ಕೆಗಳನ್ನು ಮತ್ತೆ ಓದಿ ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡನೇ ಸುತ್ತು 35 ನಿಮಿಷ, ಚುಕ್ಕಿ ಇಟ್ಟವುಗಳಿಗೆ ಮತ್ತು ಲೆಕ್ಕಗಳಿಗೆ. ಉಳಿದ 15 ನಿಮಿಷ ಇನ್ನುಳಿದವುಗಳಿಗೆ.

ಶೇಡಿಂಗ್ ಕೊನೆಗೆ ಇಟ್ಟುಕೊಳ್ಳಬೇಡಿ ಮಾರಾಯ್ರೆ. ಪ್ರತಿ ಪುಟ ಮುಗಿದ ಮೇಲೆ ಆ ಪುಟದ್ದನ್ನು ತುಂಬಿ. ಬಿಟ್ಟ ಪ್ರಶ್ನೆ ಇದ್ದಾಗ ಒಂದು ಸಾಲು ತಪ್ಪಿ ತುಂಬುವ ಅಪಾಯ ಜಾಸ್ತಿ. ಹಾಗಾಗಿ ಪುಟ ತಿರುಗಿಸುವ ಮುಂಚೆ ಕೊನೆಯ ಪ್ರಶ್ನೆಯ ಸಂಖ್ಯೆಯೂ ಓಎಂಆರ್‌ನ ಸಂಖ್ಯೆಯೂ ಒಂದೇನಾ ಅಂತ ನೋಡಿಕೊಳ್ಳಿ.

ಕನ್ನಡದ ಪ್ರಶ್ನೆ ಓದಿ ತಲೆಬುಡ ಅರ್ಥವಾಗದಿದ್ದರೆ ಗಾಬರಿ ಬೇಡ. ತಪ್ಪು ನಿಮ್ಮದಾಗಿರಲಿಕ್ಕಿಲ್ಲ. 2024ರ ಕೆಎಎಸ್ ಪ್ರಿಲಿಮ್ಸ್‌ನಲ್ಲಿ (ಪೂರ್ವಭಾವಿ ಪರೀಕ್ಷೆ) ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಹದಗೆಟ್ಟಿತ್ತು ಅಂದರೆ ಆಗಸ್ಟ್‌ನಲ್ಲಿ ಬರೆದವರು ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಇಂಗ್ಲಿಷ್ ರೂಪದಲ್ಲಿ ಅದೇ ಸಾಲು ಹುಡುಕಿ ನೋಡುವ ಅಭ್ಯಾಸ ಮನೆಯಲ್ಲೇ ಮಾಡಿಕೊಳ್ಳಿ. ಕನ್ನಡ ಮಾಧ್ಯಮದವರು ಹೀಗೆ ಎರಡೆರಡು ಸಲ ಓದಬೇಕಾಗಿರುವುದು ಅನ್ಯಾಯವೇ. ಆದರೆ ಪರೀಕ್ಷಾ ಕೊಠಡಿಯಲ್ಲಿ ಜಗಳಕ್ಕೆ ಸಮಯ ಇಲ್ಲ.

[ತೆರೆಯ ಮೇಲೆ: ಮಾಕ್ ಟೆಸ್ಟ್ ಶೀಟ್]

ಈಗ ಮಾಕ್ ಟೆಸ್ಟ್, ಅಂದರೆ ಅಭ್ಯಾಸದ ಪರೀಕ್ಷೆ. ದಿನಕ್ಕೊಂದು ಬರೆದು, ಅಂಕ ನೋಡಿ, ಬೇಜಾರು ಮಾಡಿಕೊಂಡು, ಮತ್ತೊಂದು ಬರೆಯುವವರೇ ಜಾಸ್ತಿ. ಒಂದು ಶೀಟ್ ಹೀಗಿದೆ ಅಂದುಕೊಳ್ಳಿ: 61 ಸರಿ, 28 ತಪ್ಪು, 11 ಬಿಟ್ಟದ್ದು. 28 ತಪ್ಪಿಗೆ 7 ಅಂಕ ಹೋಗಿ ಬಂದದ್ದು 54.

ಈ 28 ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದು ನೋಡಿ. ಗೊತ್ತೇ ಇಲ್ಲದೆ ಹೊಡೆದದ್ದು 7. ಎರಡರ ನಡುವೆ ಗೊಂದಲವಾಗಿ ತಪ್ಪಿದ್ದು 12. ಉಳಿದ 9? ಉತ್ತರ ಗೊತ್ತಿತ್ತು, ಪ್ರಶ್ನೆ ಸರಿಯಾಗಿ ಓದಲಿಲ್ಲ. "ಸರಿಯಲ್ಲದ ಹೇಳಿಕೆ ಯಾವುದು" ಅಂತ ಇದ್ದರೆ ಸರಿ ಇರುವುದನ್ನು ತುಂಬಿದ್ದು. "ಮಾತ್ರ", "ಎಲ್ಲ", "ಮೊದಲ" ಎಂಬ ಪದಗಳ ಮೇಲೆ ಕಣ್ಣು ಜಾರಿದ್ದು. ಆ 9 ಸರಿಯಾಗಿದ್ದರೆ ಬರುವ 9, ಜೊತೆಗೆ ಕಡಿತವಾಗದೆ ಉಳಿಯುವ ಎರಡೂಕಾಲು. 54 ಇದ್ದದ್ದು 65.25 ಆಗುತ್ತದೆ. ಒಂದೇ ಒಂದು ಹೊಸ ಪುಸ್ತಕ ಓದದೆ.

ಅದಕ್ಕೇ ಒಂದು ತಪ್ಪಿನ ನೋಟ್‌ಬುಕ್ ಇಡಿ. ಪ್ರಶ್ನೆ ಪೂರ್ತಿ ಬರೆಯಬೇಡಿ. ವಿಷಯ, ಏಕೆ ತಪ್ಪಿತು, ಸರಿ ಸಂಗತಿ ಏನು, ಒಂದೇ ಸಾಲು. ಪರೀಕ್ಷೆಯ ಹಿಂದಿನ ವಾರ ಓದಬೇಕಾದದ್ದು ಅದನ್ನು. ಟೆಲಿಗ್ರಾಂನಲ್ಲಿ ಕೂಡಿಹಾಕಿರುವ ಪಿಡಿಎಫ್‌ಗಳನ್ನಲ್ಲ. ಅವುಗಳನ್ನು ಡೌನ್‌ಲೋಡ್ ಮಾಡಿದ್ದೇ ಓದಿದಂತೆ ಅನ್ನಿಸುತ್ತದೆ, ಅದೇ ಅದರ ಕೇಡು.

[ತೆರೆಯ ಮೇಲೆ: ಹಾಸನ, ಚಿಕ್ಕಮಗಳೂರು ನಕ್ಷೆ]

ಆಯ್ಕೆ ತೆಗೆದುಹಾಕುವ ಶಕ್ತಿ ಎಲ್ಲಿಂದ ಬರುತ್ತದೆ? ಬಿಡಿಬಿಡಿ ಸಾಲು ಬಾಯಿಪಾಠ ಮಾಡಿದರೆ ಬರುವುದಿಲ್ಲ, ಒಂದಕ್ಕೊಂದು ಸೇರಿಸಿ ಓದಿದರೆ ಬರುತ್ತದೆ. ನಮ್ಮ ಎರಡು ಜಿಲ್ಲೆಗಳನ್ನೇ ತೆಗೆದುಕೊಳ್ಳಿ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುತ್ತದೆ. ಸಕಲೇಶಪುರ ದಾಟಿ, ಗೊರೂರು ಅಣೆಕಟ್ಟೆಗೆ ಬಂದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ. ಬೇಲೂರಿನ ಯಗಚಿ ಇದರ ಉಪನದಿ. ಅದೇ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುವ ತುಂಗಾ, ಭದ್ರಾ ನದಿಗಳು ಕೂಡ್ಲಿಯಲ್ಲಿ ಒಂದಾಗಿ ಕೃಷ್ಣಾ ನದಿಗೆ ಹೋಗುತ್ತವೆ. ಒಂದೇ ಜಿಲ್ಲೆಯ ನೀರು ಎರಡು ಜಲಾನಯನಕ್ಕೆ ಹಂಚಿಹೋಗುತ್ತದೆ. ಈ ನಕ್ಷೆಯನ್ನು ಕೈಯಾರೆ ಒಮ್ಮೆ ಬರೆದವರಿಗೆ "ಹೇಮಾವತಿ ಕೃಷ್ಣೆಯ ಉಪನದಿ" ಎಂಬ ಹೇಳಿಕೆ ನೋಡಿದ ತಕ್ಷಣ ತಪ್ಪು ಅಂತ ಕಾಣುತ್ತದೆ.

ಪ್ರಚಲಿತ ವಿದ್ಯಮಾನವೂ ಹೀಗೆಯೇ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಹೆಸರು, ವರ್ಷ ಎಲ್ಲರಿಗೂ ಗೊತ್ತು, ಹಾಗಾಗಿ ಅದನ್ನೇ ಕೇಳುವ ಸಾಧ್ಯತೆ ಕಡಿಮೆ. ಹೇಳಿಕೆಯ ರೂಪದಲ್ಲಿ ಬರುವುದು ಸುತ್ತಲಿನ ಸಂಗತಿ: ಈ ಪ್ರಶಸ್ತಿ ಸಣ್ಣಕಥೆಗಳ ಸಂಕಲನಕ್ಕೆ ಸಿಕ್ಕಿದ್ದು ಅದೇ ಮೊದಲು. ಬಹುಮಾನದ ಹಣ ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಅನುವಾದಕಿ ದೀಪಾ ಭಾಸ್ತಿ. ಹಿಂದಿಯ ಗೀತಾಂಜಲಿ ಶ್ರೀ ಅವರಿಗೆ 2022ರಲ್ಲೇ ಬಂದಿತ್ತು, ಹಾಗಾಗಿ "ಭಾರತೀಯ ಭಾಷೆಗೆ ಮೊದಲ ಸಲ" ಎಂಬ ಹೇಳಿಕೆ ತಪ್ಪು. ಒಂದು ಸುದ್ದಿಗೆ ನಾಲ್ಕು ಸಾಲು, ಸಾಕು.

ಯಾವುದನ್ನು ಮೊದಲು ಓದಬೇಕು ಅಂತ ಕೇಳಿದರೆ, ತುದಿ ಕಾಣುವ ವಿಷಯವನ್ನು. ಗ್ರೂಪ್ ಸಿ ಹುದ್ದೆಗಳ ಸಂವಹನ ಪತ್ರಿಕೆಯಲ್ಲಿ ಕನ್ನಡಕ್ಕೆ 35, ಇಂಗ್ಲಿಷ್‌ಗೆ 35, ಕಂಪ್ಯೂಟರ್‌ಗೆ 30 ಅಂಕ. ಸಾಮಾನ್ಯ ಜ್ಞಾನಕ್ಕೆ ತುದಿ ಇಲ್ಲ. ಕಂಪ್ಯೂಟರ್‌ಗೆ ಇದೆ. ವ್ಯಾಕರಣಕ್ಕೂ ಇದೆ. "ಮಳೆಗಾಲ" ಆದೇಶ ಸಂಧಿ, "ಮಳೆಯಿಂದ" ಯಕಾರಾಗಮ ಸಂಧಿ. ಯಾಕೆ ಅಂತ ಒಮ್ಮೆ ತಿಳಿದರೆ ಯಾವ ಪದ ಕೊಟ್ಟರೂ ಬಿಡಿಸಬಹುದು. ಆದರೂ ಜನ ವರ್ಷಪೂರ್ತಿ ಇತಿಹಾಸವನ್ನೇ ಹಿಡಿದುಕೊಂಡು ಕೂರುತ್ತಾರೆ. ಕಡ್ಡಾಯ ಕನ್ನಡ ಪತ್ರಿಕೆ ಇದ್ದರೆ 150ಕ್ಕೆ 50 ಬರಲೇಬೇಕು. ಆ ಅಂಕ ರ್‍ಯಾಂಕಿಗೆ ಸೇರುವುದಿಲ್ಲ, ಆದರೆ ಅದರಲ್ಲಿ ಫೇಲ್ ಆದರೆ ಉಳಿದ ಪತ್ರಿಕೆಯ ಶ್ರಮವೆಲ್ಲ ನೀರುಪಾಲು.

ಕೋಚಿಂಗ್‌ಗೆ ಅಂತ ಧಾರವಾಡಕ್ಕೆ ಹೋಗಬೇಕಾ, ಬೆಂಗಳೂರಿನ ವಿಜಯನಗರಕ್ಕೆ ಹೋಗಬೇಕಾ? ಜೊತೆಗೆ ಓದುವವರು ಸಿಗುತ್ತಾರೆ, ಅದು ಲಾಭ. ಬಾಡಿಗೆ, ಊಟ, ಫೀಸು ಲೆಕ್ಕ ಹಾಕಿ ನೋಡಿ. ಮೇಲೆ ಹೇಳಿದ ಯಾವುದಕ್ಕೂ ಊರು ಬಿಡಬೇಕಿಲ್ಲ. ಹಳೇ ಪ್ರಶ್ನೆಪತ್ರಿಕೆ, ಗಡಿಯಾರ, ಒಂದು ನೋಟ್‌ಬುಕ್ ಇದ್ದರಾಯಿತು. ಮಳೆಗಾಲದಲ್ಲಿ ಕೊಪ್ಪ, ಮೂಡಿಗೆರೆ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಹಾಗಾಗಿ ಹಳೇ ಪತ್ರಿಕೆಗಳನ್ನು ಮೊದಲೇ ಪ್ರಿಂಟ್ ತೆಗೆಸಿಡಿ. ಓಎಂಆರ್ ಪರೀಕ್ಷೆ ಇರುವುದೂ ಕಾಗದದ ಮೇಲೆ ಅಲ್ವಾ.

[ತೆರೆಯ ಮೇಲೆ: ಕೀ ಉತ್ತರ]

ಕೊನೆಯದು ಪರೀಕ್ಷೆ ಮುಗಿದ ಮೇಲಿನ ಕೆಲಸ. ಓಎಂಆರ್‌ನ ಕಾರ್ಬನ್ ಪ್ರತಿ ಕೊಟ್ಟರೆ ಜೋಪಾನವಾಗಿಡಿ. ಪರೀಕ್ಷೆ ನಡೆಸಿದವರು ಪ್ರಕಟಿಸುವ ಸರಿ ಉತ್ತರಗಳ ಪಟ್ಟಿ, ಅಂದರೆ ತಾತ್ಕಾಲಿಕ ಕೀ ಉತ್ತರ, ಬಂದಾಗ ತಪ್ಪು ಕಂಡರೆ ಆಕ್ಷೇಪಣೆ ಹಾಕಿ. "ನನ್ನ ಉತ್ತರವೇ ಸರಿ" ಅಂತ ಬರೆದರೆ ಆಗುವುದಿಲ್ಲ, ದಾಖಲೆ ಬೇಕು. ಗೈಡ್‌ಗಿಂತ ರಾಜ್ಯದ ಪಠ್ಯಪುಸ್ತಕ, ಎನ್‌ಸಿಇಆರ್‌ಟಿ, ಸರ್ಕಾರಿ ವೆಬ್‌ಸೈಟ್‌ಗೆ ತೂಕ ಜಾಸ್ತಿ. ಆ ಪುಟದ ಫೋಟೋ ತೆಗೆದು, ಸಾಲಿಗೆ ಗುರುತು ಹಾಕಿ ಸೇರಿಸಿ. ಅವಧಿ ಕೆಲವೇ ದಿನ ಇರುತ್ತದೆ, ಕೊನೆಯ ದಿನ ರಾತ್ರಿ ಸರ್ವರ್ ಕೈಗೆ ಸಿಗುವುದಿಲ್ಲ. ಮೊದಲ ದಿನವೇ ಹಾಕಿಬಿಡಿ.